ಕೇಸ್ ಆದ ಮೇಲೆ ಕೆಲಸ: ಮುಂಬಯಿ, ಪುಣೆ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ನಮ್ಮ ಸಂಘದ ಹಿಂದಿನ ಕೋಣೆಯಲ್ಲಿ ಕೂತಿರುತ್ತೇನೆ. ವಕೀಲನಲ್ಲ ನಾನು, ವಕೀಲರೊಬ್ಬರ ಬಳಿ 26 ವರ್ಷ ಗುಮಾಸ್ತನಾಗಿದ್ದವನು. ಕಿಲ್ಲಾ ಕೋರ್ಟು, ಕುರ್ಲಾ, ಅಂಧೇರಿ, ಬೇಲಾಪುರ ಎಂದು ಫೈಲು ಹೊತ್ತು ತಿರುಗಿದ್ದೇ ನನ್ನ ಓದು. ಬರುವವರಲ್ಲಿ ಹೋಟೆಲಿನ ಹುಡುಗರು, ಡ್ರೈವರುಗಳು, ಪುಣೆಯಿಂದ ಫೋನ್ ಮಾಡುವ ಸಾಫ್ಟ್‌ವೇರಿನವರು, ಗೋವಾದ ಗಾರೆ ಕೆಲಸದವರು ಎಲ್ಲರೂ ಇದ್ದಾರೆ. ಸುತ್ತಿ ಬಳಸಿ ಕೇಳುವುದು ಒಂದೇ: ಕೇಸ್ ಆಗಿದೆ, ಇನ್ನು ಕೆಲಸ ಸಿಗುತ್ತದಾ, ಇರುವ ಕೆಲಸ ಉಳಿಯುತ್ತದಾ? ನಾನು ತಿರುಗಿ ಕೇಳುವುದೂ ಒಂದೇ: ಕೇಸಿನ ಕೊನೆಯ ಕಾಗದ ಎಲ್ಲಿ? ಹೆಚ್ಚಿನವರ ಹತ್ತಿರ ಅದು ಇರುವುದಿಲ್ಲ.

ನನ್ನ ಮೇಲೆ ರೆಕಾರ್ಡ್ ಇದೆ ಅಂತಾರೆ. ರೆಕಾರ್ಡ್ ಅಂದರೆ ಏನು?

ಈ ಒಂದು ಮಾತಿನಲ್ಲಿ ಐದಾರು ಬೇರೆ ಬೇರೆ ಸಂಗತಿಗಳು ಅಡಗಿವೆ. ಒಂದೊಂದಕ್ಕೂ ತೂಕ ಬೇರೆ.

ಪಕ್ಕದ ಖೋಲಿಯವರ ಜತೆ ಜಗಳ, ಅವರು ಠಾಣೆಗೆ ಹೋಗಿ ಎನ್‌ಸಿ, ಅಂದರೆ ಪೊಲೀಸರು ತಾವಾಗಿ ಬಂಧಿಸಲಾಗದ ಸಣ್ಣ ಅಪರಾಧದ ದೂರು, ಬರೆಸಿದರು ಅಂದುಕೊಳ್ಳಿ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಅದರ ತನಿಖೆಯನ್ನೂ ಪೊಲೀಸರು ಮಾಡುವಂತಿಲ್ಲ. ಅದೊಂದು ದಾಖಲೆಯ ಸಾಲು, ಅಷ್ಟೆ. ಮುಂಬಯಿಯಲ್ಲಿ ಎಲ್ಲರ ಬಾಯಲ್ಲಿರುವ 'ಚಾಪ್ಟರ್ ಕೇಸ್' ಎಂದರೆ ಇನ್ನು ಮುಂದೆ ಗಲಾಟೆ ಮಾಡುವುದಿಲ್ಲ ಎಂದು ಎಸಿಪಿ (ಸಹಾಯಕ ಪೊಲೀಸ್ ಕಮಿಷನರ್) ಕಚೇರಿಯಲ್ಲಿ ಬರೆಸಿಕೊಳ್ಳುವ ಮುಚ್ಚಳಿಕೆ, ಅದೂ ಶಿಕ್ಷೆಯಲ್ಲ. ಎಫ್‌ಐಆರ್ ಆದರೆ ನೀವು ಆರೋಪಿ. ಚಾರ್ಜ್‌ಶೀಟ್ ಕೋರ್ಟಿಗೆ ಹೋದರೆ ಕೇಸು ನಡೆಯುತ್ತಿದೆ ಎಂದರ್ಥ. ಆಗಲೂ ನೀವು ಆರೋಪಿಯೇ ಹೊರತು ಅಪರಾಧಿಯಲ್ಲ. ಕೊನೆಗೆ ಖುಲಾಸೆಯಾಗಬಹುದು, ರಾಜಿಯಾಗಬಹುದು, ಹೈಕೋರ್ಟು ಕೇಸನ್ನೇ ರದ್ದು ಮಾಡಬಹುದು, ಇಲ್ಲವೇ ಶಿಕ್ಷೆಯಾಗಬಹುದು. ಕಾನೂನು ಕೆಲಸಕ್ಕೆ ಅಡ್ಡಗೋಡೆ ಕಟ್ಟಿರುವುದು ಬಹುಪಾಲು ಈ ಕೊನೆಯದಕ್ಕೆ ಮಾತ್ರ.

ಎನ್‌ಸಿ ಆದವನು ತಾನು ಜೈಲು ಕಂಡವನಂತೆ ತಲೆ ತಗ್ಗಿಸಿಕೊಂಡು ಬರುತ್ತಾನೆ. ದಂಡ ಕಟ್ಟಿ ಬಂದವನು ಏನೂ ಆಗಿಲ್ಲ ಎಂಬಂತೆ ಬರುತ್ತಾನೆ. ಇಬ್ಬರದೂ ತಪ್ಪು ಲೆಕ್ಕ.

ದಂಡ ಕಟ್ಟಿದ್ದು ಮುಗಿದು ಹೋಯಿತಲ್ಲ? ಸಾವಿರ ರೂಪಾಯಿ ಫೈನು, ಅರ್ಧ ಗಂಟೆ ಕೆಲಸ.

ಮುಗಿದದ್ದು ಕೇಸು. ಉಳಿದದ್ದು ಶಿಕ್ಷೆ. ಕಟಕಟೆಯಲ್ಲಿ ನಿಂತು 'ಗುನ್ಹಾ ಕಬೂಲ್', ತಪ್ಪು ಒಪ್ಪಿದೆ, ಎಂದ ಮೇಲೆ ನ್ಯಾಯಾಧೀಶರು ಬರೆಯುವುದು ತಪ್ಪಿತಸ್ಥ ಎಂದೇ. ಸಾವಿರ ರೂಪಾಯಿಯಾದರೂ ಅದು ಅಪರಾಧಕ್ಕೆ ಸಂದ ಶಿಕ್ಷೆ. ರಸ್ತೆಯಲ್ಲಿ ಗಲಾಟೆ, ಇಸ್ಪೀಟಿನ ಅಡ್ಡೆಯ ಮೇಲೆ ದಾಳಿ, ಬಾರ್ ರೇಡಿನಲ್ಲಿ ಸಿಕ್ಕಿಬಿದ್ದ ವೇಟರು, ಕುಡಿದು ಬೈಕ್ ಓಡಿಸಿದ್ದು, ಇಂಥ ಕೇಸುಗಳಲ್ಲಿ 'ಒಪ್ಪಿಕೋ, ಊಟದ ಹೊತ್ತಿಗೆ ಮನೆಗೆ ಹೋಗಬಹುದು' ಎಂದು ಉಪದೇಶಿಸುವವರು ಕೋರ್ಟಿನ ವರಾಂಡದಲ್ಲೇ ಸಿಗುತ್ತಾರೆ. ನಾಲ್ಕು ತಾರೀಕು ತಪ್ಪಿಸಿಕೊಳ್ಳಲು ಹೋಗಿ ಆಮೇಲೆ ಪ್ರತಿ ಫಾರ್ಮಿನಲ್ಲೂ 'ಹೌದು' ಎಂದು ಬರೆಯಬೇಕಾದ ಹುಡುಗರನ್ನು ಎಷ್ಟೋ ನೋಡಿದ್ದೇನೆ. ತಾನೇ ಒಪ್ಪಿಕೊಂಡ ಮೇಲೆ ಮೇಲ್ಮನವಿಯ ಬಾಗಿಲೂ ಬಹುಮಟ್ಟಿಗೆ ಮುಚ್ಚುತ್ತದೆ. ಒಪ್ಪಿಕೊಳ್ಳುವ ಮೊದಲು ವಕೀಲರನ್ನು ಒಂದು ಮಾತು ಕೇಳಿ: 'ಇದರಿಂದ ನನ್ನ ಕೆಲಸಕ್ಕೆ ಏನಾಗುತ್ತದೆ?' ಅವರಾಗಿಯೇ ಹೇಳುವುದು ಕಡಿಮೆ.

ಫಾರ್ಮಿನಲ್ಲಿ ಏನು ಬರೆಯಲಿ?

ಕೇಳಿದ್ದಕ್ಕೆ ಉತ್ತರ ಬರೆಯಿರಿ. ಕೇಳಿದ್ದು ಏನು ಎಂದು ಮೊದಲು ಓದಿ. ತಮಾಷೆಗೆ ಹೇಳುತ್ತಿಲ್ಲ. ಮರಾಠಿ ಫಾರ್ಮಿನಲ್ಲಿ 'ಗುನ್ಹಾ ದಾಖಲ್ ಆಹೇ ಕಾ' ಎಂದಿದ್ದರೆ ಕೇಸು ದಾಖಲಾಗಿದೆಯಾ ಎಂಬ ಪ್ರಶ್ನೆ. 'ಅಟಕ್' ಎಂದರೆ ಬಂಧನ. 'ಶಿಕ್ಷಾ' ಎಂದರೆ ನಮ್ಮ ಶಿಕ್ಷೆಯೇ. ಹಿಂದಿಯಲ್ಲಿ ಅದೇ 'ಶಿಕ್ಷಾ' ಓದಿಗೆ ಹೇಳುವ ಮಾತು. ಹಿಂದಿಯ ಬಲದಿಂದ ಮರಾಠಿ ಫಾರ್ಮು ತುಂಬಿದ ನಮ್ಮ ಹುಡುಗನೊಬ್ಬ ಆ ಸಾಲಿನಲ್ಲಿ 'ಹೌದು, ಎಂಟನೇ ಕ್ಲಾಸಿನವರೆಗೆ' ಎಂದು ಬರೆದಿದ್ದ. ಪುಣ್ಯಕ್ಕೆ ಕೊಡುವ ಮೊದಲು ನನಗೆ ತೋರಿಸಿದ.

'ಶಿಕ್ಷೆಯಾಗಿದೆಯೇ' ಎಂದಷ್ಟೇ ಕೇಳಿದ್ದರೆ, ನಡೆಯುತ್ತಿರುವ ಕೇಸಿಗೆ ಉತ್ತರ 'ಇಲ್ಲ'. ಅದು ಸುಳ್ಳಲ್ಲ. 'ಯಾವತ್ತಾದರೂ ಬಂಧನವಾಗಿದೆಯೇ, ಕೇಸು ದಾಖಲಾಗಿದೆಯೇ' ಎಂದು ಕೇಳಿದ್ದರೆ ಖುಲಾಸೆಯಾಗಿದ್ದರೂ 'ಹೌದು' ಎಂದು ಬರೆದು, ಕೇಸಿನ ನಂಬರು, ಕೋರ್ಟು, ಖುಲಾಸೆಯಾದ ತಾರೀಕು ಸೇರಿಸಿ, ತೀರ್ಪಿನ ಪ್ರತಿ ಲಗತ್ತಿಸಬೇಕು.

ಸರ್ಕಾರಿ ಕೆಲಸದ ವಿಷಯದಲ್ಲಿ ಸುಪ್ರೀಂ ಕೋರ್ಟು 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಇದನ್ನೆಲ್ಲ ಬಿಡಿಸಿ ಹೇಳಿದೆ. ಕೊಡುವ ಮಾಹಿತಿ ನಿಜವಾಗಿರಬೇಕು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಚಿಲ್ಲರೆ ಕೇಸನ್ನು ಮುಚ್ಚಿಟ್ಟಿದ್ದರೆ ಇಲಾಖೆ ಅದನ್ನು ಮನ್ನಿಸಬಹುದು. ಫಾರ್ಮಿನಲ್ಲಿ ಸ್ಪಷ್ಟವಾಗಿ ಕೇಳದೇ ಇದ್ದದ್ದನ್ನು ಹೇಳಲಿಲ್ಲ ಎಂದು ಯಾರನ್ನೂ ಶಿಕ್ಷಿಸುವಂತಿಲ್ಲ. ಇನ್ನೊಂದು ಮಗ್ಗುಲೂ ಇದೆ: ನಿಜ ಹೇಳಿದವನನ್ನು ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ, ಅವನ ಹಿನ್ನೆಲೆ ತೂಗುವ ಹಕ್ಕು ಇಲಾಖೆಗೆ ಇದ್ದೇ ಇದೆ. 2022ರ ಪವನ್ ಕುಮಾರ್ ಪ್ರಕರಣದಲ್ಲಿ, ಬರೀ ಮುಚ್ಚಿಟ್ಟ ಎಂಬ ಕಾರಣಕ್ಕೆ ಹಿಂದುಮುಂದು ನೋಡದೆ ಕೆಲಸದಿಂದ ಕಿತ್ತುಹಾಕುವಂತಿಲ್ಲ ಎಂದೂ ಅದೇ ಕೋರ್ಟು ಹೇಳಿತು. ಹಾಗೆಂದು ಆ ಧೈರ್ಯದ ಮೇಲೆ ಮುಚ್ಚಿಡಬೇಡಿ. ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಗೆದ್ದವರು. ನಿಮಗೆ ಬೇಕಾಗಿರುವುದು ಬರುವ ತಿಂಗಳ ಸಂಬಳ.

ಖಾಸಗಿ ಕಂಪನಿಗಳಲ್ಲಿ ಕೇಸಿನ ಕಾರಣಕ್ಕೆ ಕೆಲಸ ಕೊಡದಿದ್ದರೆ ತಡೆಯುವ ಕಾನೂನಿಲ್ಲ. ಆದರೆ ನಾನು ಕಂಡಂತೆ ಹಳೆಯ ಕೇಸಿಗಿಂತ ಹೊಸ ಸುಳ್ಳಿಗೇ ಹೆಚ್ಚು ಜನ ಕೆಲಸ ಕಳೆದುಕೊಳ್ಳುತ್ತಾರೆ.

ಫಾರ್ಮೇ ಇಲ್ಲ, ಹೋಟೆಲ್ ಕೆಲಸ. ನಾನಾಗಿ ಧಣಿಗಳಿಗೆ ಹೇಳಬೇಕಾ?

ಕಾನೂನಿನ ಪ್ರಕಾರ ಬೇಕಿಲ್ಲ. ಆದರೆ ನಮ್ಮವರ ಹೋಟೆಲುಗಳ ಲೋಕ ನಿಮಗೂ ಗೊತ್ತು. ಬೆಳಗ್ಗೆ ಕುಂದಾಪುರದಲ್ಲಿ ಆದದ್ದು ಸಂಜೆಯ ಹೊತ್ತಿಗೆ ಮಾಟುಂಗದ ಗಲ್ಲೆಯ ಮೇಲೆ ಇರುತ್ತದೆ. ಬೇರೆಯವರು ತಮ್ಮ ಬಣ್ಣ ಬಳಿದು ಹೇಳುವ ಮೊದಲು ನೀವೇ ನಾಲ್ಕು ಮಾತಿನಲ್ಲಿ ಹೇಳಿ. ಏನು ಕೇಸು, ಯಾವ ವರ್ಷ, ಏನಾಯಿತು, ಈಗ ತಾರೀಕು ಇದೆಯಾ ಇಲ್ಲವಾ. ಅಷ್ಟೇ ಸಾಕು. ಅತ್ತು ಕರೆದು ಇಡೀ ಪುರಾಣ ಬಿಚ್ಚಿದರೆ ಕೇಳುವವರಿಗೆ ಭಯ ಹುಟ್ಟುತ್ತದೆ. ಕಳ್ಳತನದ ಕೇಸಾಗಿದ್ದರೆ 'ಗಲ್ಲೆಯ ಕೆಲಸ ಬೇಡ ಅಣ್ಣ, ಒಳಗೆ ಅಡುಗೆಮನೆಯಲ್ಲಿ ಕೊಡಿ' ಎಂದು ನೀವೇ ಕೇಳಿಕೊಳ್ಳುವುದು ಜಾಣತನ. ಹಾಗೆ ಕೇಳಿಕೊಂಡು ಪಾತ್ರೆ ತೊಳೆಯಲು ಸೇರಿದವನೊಬ್ಬ ಈಗ ಅದೇ ಹೋಟೆಲಿನಲ್ಲಿ ದೋಸೆ ಕಾವಲಿಯ ಭಟ್ಟರು.

ನಾನು ಹೇಳದಿದ್ದರೆ ಕಂಪನಿಗೆ ಹೇಗೆ ಗೊತ್ತಾಗುತ್ತದೆ?

ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು, ಊರು, ವರ್ಷ ಹಾಕಿ ಯಾರು ಬೇಕಾದರೂ ಹುಡುಕಬಹುದು. ಹಿನ್ನೆಲೆ ತಪಾಸಣೆ ಮಾಡುವ ಏಜೆನ್ಸಿಗಳೂ ಕೋರ್ಟಿನ ದಾಖಲೆಗಳನ್ನೇ ಜಾಲಾಡುತ್ತವೆ. ಪೊಲೀಸರಿಗೆ ದೇಶದ ಠಾಣೆಗಳನ್ನು ಜೋಡಿಸುವ ಸಿಸಿಟಿಎನ್‌ಎಸ್ ಎಂಬ ಕಂಪ್ಯೂಟರ್ ಜಾಲವಿದೆ. ವಿಜಯಪುರ ಜಿಲ್ಲೆಯ ಇಂಡಿ ಠಾಣೆಯ ಎಫ್‌ಐಆರ್ ಪುಣೆಯ ಹಡಪ್ಸರದವರಿಗೆ ಕಾಣುವುದಿಲ್ಲ ಎಂಬ ಕಾಲ ಹೋಯಿತು.

ಇದರಲ್ಲಿ ಒಂದು ಅಪಾಯ. ನಮ್ಮ ಕಡೆ ಒಂದೇ ಹೆಸರಿನವರು ಸಾಲುಸಾಲಾಗಿ ಇರುತ್ತಾರೆ. ಇನ್ನೊಬ್ಬನ ಕೇಸು ನಿಮ್ಮ ತಲೆಗೆ ಬರಬಹುದು. ಕೆಲಸ ಹುಡುಕುವ ಮೊದಲು ನಿಮ್ಮ ಹೆಸರನ್ನು ನೀವೇ ಒಮ್ಮೆ ಹುಡುಕಿ ನೋಡಿ. ಪ್ರತಿ ಕೇಸಿಗೂ 16 ಅಕ್ಷರ, ಅಂಕಿಗಳ ಸಿಎನ್‌ಆರ್ ನಂಬರು ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ತೀರ್ಪಾಗಿದ್ದರೂ ಅಲ್ಲಿ 'ಬಾಕಿ' ಎಂದೇ ತೋರಿಸುತ್ತಿದ್ದರೆ, ತೀರ್ಪಿನ ಪ್ರತಿ ಹಿಡಿದು ಆ ಕೋರ್ಟಿನ ಕಚೇರಿಗೆ ಅರ್ಜಿ ಕೊಡಿ.

ಪೊಲೀಸ್ ಸರ್ಟಿಫಿಕೇಟ್ ತನ್ನಿ ಅಂದಿದ್ದಾರೆ. ಅರ್ಜಿ ಹಾಕಲಿಕ್ಕೇ ಹೆದರಿಕೆ.

ಮಹಾರಾಷ್ಟ್ರದಲ್ಲಿ ಅದನ್ನು 'ಚಾರಿತ್ರ್ಯ ಪಡತಾಳಣಿ' ಎನ್ನುತ್ತಾರೆ. ಆನ್‌ಲೈನಿನಲ್ಲಿ ಅರ್ಜಿ, ಆಮೇಲೆ ನೀವಿರುವ ಠಾಣೆಯಿಂದ ವಿಚಾರಣೆ. ಯಾವ ಕಮಿಷನರೇಟ್ ಎಂದು ಸರಿಯಾಗಿ ನೋಡಿಕೊಳ್ಳಿ. ಹಿಂಜವಡಿ, ವಾಕಡ್‌ನವರು ಪುಣೆ ನಗರಕ್ಕೆ ಅರ್ಜಿ ಹಾಕಿ ವಾರಗಟ್ಟಲೆ ಕಾಯುತ್ತಾರೆ. ಅವರದು 2018ರಿಂದ ಪಿಂಪ್ರಿ-ಚಿಂಚವಡ್ ಕಮಿಷನರೇಟ್. ವಸಯಿ-ವಿರಾರ್‌ನವರಿಗೆ 2020ರಿಂದ ಮೀರಾ-ಭಾಯಂದರ್ ಜತೆ ಸೇರಿದ ಬೇರೆ ಕಮಿಷನರೇಟ್.

ಕೇಸು ಇದ್ದರೆ ಅದು ಬಂದೇ ಬರುತ್ತದೆ. ಖುಲಾಸೆಯಾಗಿದ್ದರೆ ತೀರ್ಪಿನ ಪ್ರತಿಯನ್ನು ಅರ್ಜಿಯ ಜತೆಗೇ ಕೊಡಿ, ಠಾಣೆಗೂ ಒಂದು ಪ್ರತಿ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕೋರ್ಟಿನ ತೀರ್ಪು ತಾನಾಗಿಯೇ ಠಾಣೆಯ ಪುಸ್ತಕಕ್ಕೆ ನಡೆದುಕೊಂಡು ಹೋಗುವುದಿಲ್ಲ. ಗಲ್ಫಿಗೆ ಹೋಗುವವರಿಗೆ ಬೇಕಾದದ್ದು ಇದಲ್ಲ, ಪಾಸ್‌ಪೋರ್ಟ್ ಕಚೇರಿ ಕೊಡುವ ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್.

ದುಡ್ಡು ಕೊಟ್ಟರೆ ರೆಕಾರ್ಡ್ ಅಳಿಸಿಕೊಡ್ತಾರಂತೆ?

ಅಳಿಸುವುದಿಲ್ಲ. ಖೊಟ್ಟಿ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಸಿಕ್ಕಿಬಿದ್ದ ದಿನ ಹಳೆಯ ಹೊಡೆದಾಟದ ಕೇಸಿನ ಪಕ್ಕದಲ್ಲಿ ಫೋರ್ಜರಿಯ ಹೊಸ ಕೇಸು.

ಹಾಗಾದರೆ ಕಾನೂನಿನಲ್ಲೇ ದಾರಿ ಇಲ್ಲವೇ?

ಇಷ್ಟು ವರ್ಷ ಒಳ್ಳೆಯವನಾಗಿದ್ದರೆ ದಾಖಲೆ ತಾನಾಗಿ ಅಳಿಯುತ್ತದೆ ಎಂಬ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಆದರೆ ದಾರಿಗಳಿವೆ, ಕೇಸಿನ ಜಾತಿ ನೋಡಿ ಆರಿಸಿಕೊಳ್ಳಬೇಕು.

ಸಣ್ಣ ಹೊಡೆದಾಟ, ಚೆಕ್ ಬೌನ್ಸ್‌ನಂಥವು ರಾಜಿಯಾಗಬಲ್ಲವು. ಕಾನೂನು ಪ್ರಕಾರ ನಡೆದ ರಾಜಿಗೆ ಖುಲಾಸೆಯಷ್ಟೇ ಬೆಲೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮು ಹಾಗೆಂದೇ ಹೇಳುತ್ತದೆ. ಎದುರು ಪಾರ್ಟಿ ರಾಜಿಗೆ ಸಿದ್ಧವಿರುವಾಗ ಗುನ್ಹಾ ಕಬೂಲ್ ಮಾಡಿ ದಂಡ ಕಟ್ಟುವವನನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ರಾಜಿಗೆ ಅವಕಾಶವಿಲ್ಲದ ಕೇಸುಗಳಲ್ಲಿ ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬಹುದು. ಗಂಡಹೆಂಡಿರ 498ಎ ಕೇಸುಗಳು (ಹೆಂಡತಿಗೆ ಕಿರುಕುಳ ಕೊಟ್ಟದ್ದಕ್ಕೆ ಹಳೆಯ ದಂಡಸಂಹಿತೆಯ ಕಲಮು) ಎಷ್ಟೋ ಹೀಗೇ ಮುಗಿಯುತ್ತವೆ, 2003ರ ಬಿ.ಎಸ್. ಜೋಶಿ ತೀರ್ಪು ಆ ಬಾಗಿಲು ತೆರೆದದ್ದು.

ಶಿಕ್ಷೆಯಾಗಿಯೇ ಬಿಟ್ಟರೆ ಮೇಲ್ಮನವಿ. ಇಲ್ಲೊಂದು ಗೊಂದಲವಿದೆ. ಮೇಲಿನ ಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತೆಂದರೆ ಜೈಲು ತಪ್ಪಿತು, ಅಷ್ಟೇ. ತಪ್ಪಿತಸ್ಥ ಎಂಬ ತೀರ್ಮಾನ ಹಾಗೇ ನಿಂತಿರುತ್ತದೆ. ಅದಕ್ಕೂ ತಡೆ ಬೇಕಾದರೆ ಬೇರೆಯಾಗಿ ಕೇಳಬೇಕು.

ಮೊದಲ ತಪ್ಪಿಗೆ 1958ರ ಅಪರಾಧಿಗಳ ಪರಿವೀಕ್ಷಾ ಕಾಯ್ದೆಯ ಪ್ರಕಾರ ಎಚ್ಚರಿಕೆ ಕೊಟ್ಟೋ, ಒಳ್ಳೆಯ ನಡತೆಯ ಬಾಂಡ್ ಬರೆಸಿಕೊಂಡೋ ಬಿಡಬಹುದು. ಹಾಗೆ ಬಿಟ್ಟವನಿಗೆ ಶಿಕ್ಷೆಯಿಂದ ಅಂಟುವ ಅನರ್ಹತೆ ಅಂಟುವುದಿಲ್ಲ ಎಂದು ಅದರ 12ನೇ ಕಲಮು. 21 ದಾಟದವರಿಗೆ ಇನ್ನೂ ಹೆಚ್ಚಿನ ರಕ್ಷಣೆ. ಆದರೆ ಇದನ್ನು ಕೇಳಬೇಕಾದದ್ದು ಶಿಕ್ಷೆಯ ಪ್ರಮಾಣ ಹೇಳುವ ದಿನವೇ. ಎಷ್ಟೋ ವಕೀಲರು ಕೇಳುವುದೇ ಇಲ್ಲ.

18 ತುಂಬುವ ಮೊದಲು ಆದ ಕೇಸಾದರೆ, 2015ರ ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನಂತೆ ಅದು ಯಾವ ಅನರ್ಹತೆಯನ್ನೂ ತರುವುದಿಲ್ಲ. ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆಗೊಳಗಾದ 16 ದಾಟಿದವರಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಯಾವ ಕೆಲಸದ ಆಸೆ ಬಿಡಬೇಕು?

ಎಲ್ಲರೂ 'ಏನೂ ಇಲ್ಲದಿದ್ದರೆ ವಾಚ್‌ಮನ್ ಆಗ್ತೇನೆ' ಎನ್ನುತ್ತಾರೆ. ಕಾನೂನು ನೇರವಾಗಿ ಮುಚ್ಚಿರುವ ಬಾಗಿಲು ಅದೇ. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಪ್ರಕಾರ ಕೋರ್ಟಿನಲ್ಲಿ ಶಿಕ್ಷೆಯಾದವರನ್ನು ಏಜೆನ್ಸಿಗಳು ಗಾರ್ಡ್ ಆಗಿ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕುಗಳಿಗೆ 1949ರ ಬ್ಯಾಂಕಿಂಗ್ ಕಾಯ್ದೆ ಇದೆ: ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವರಿಗೆ ಅಲ್ಲಿ ಕೆಲಸವಿಲ್ಲ. ಕಳ್ಳತನ, ಮೋಸ, ಫೋರ್ಜರಿ ಆ ಮಾತಿನೊಳಗೆ ಬರುತ್ತವೆ. ಬಾಯಿಜಗಳದ ದಂಡ ಬರುವುದಿಲ್ಲ. ಸರ್ಕಾರಿ ನೌಕರಿ, ಅದರಲ್ಲೂ ಪೊಲೀಸು, ಶಿಕ್ಷೆಯಾದ ಮೇಲೆ ಬಹಳ ಕಷ್ಟ. ಆಟೊ, ಟ್ಯಾಕ್ಸಿ ಬ್ಯಾಡ್ಜ್‌ಗೆ ಪೊಲೀಸ್ ತಪಾಸಣೆ ಉಂಟು. ಆ್ಯಪ್ ಕಂಪನಿಗಳೂ ಡ್ರೈವರುಗಳ, ಡೆಲಿವರಿ ಹುಡುಗರ ಹಿನ್ನೆಲೆ ನೋಡುತ್ತವೆ.

ಗೋಡೌನ್, ಕೇಟರಿಂಗ್, ಟೈಲರಿಂಗ್, ಗ್ಯಾರೇಜು, ವೈರಿಂಗ್, ಪ್ಲಂಬಿಂಗ್, ಕಟ್ಟಡದ ಕೆಲಸಗಳಲ್ಲಿ ಕಾಗದಕ್ಕಿಂತ ಕೈಕೆಲಸ ನೋಡುವವರು ಇನ್ನೂ ಇದ್ದಾರೆ.

ನಾವು ವಾಸ್ಕೋದಾಗ ಅದೀವ್ರಿ. ಎಲೆಕ್ಷನ್ ಟೈಮಿನ್ಯಾಗ ಪೊಲೀಸ್ರು ಹಿಡಕೊಂಡು ಹೋಗಿ ಮರುದಿನ ಬಿಟ್ರು. ಕಾಂಟ್ರಾಕ್ಟರ್ ಈಗ 'ನಿನ್ನ ಮ್ಯಾಲ ಕೇಸ್ ಐತಿ, ಬರಬ್ಯಾಡ' ಅಂತಾನ.

ಮುಂಜಾಗ್ರತೆಗೆ ಹಿಡಿದು ಬಿಡುವುದು ಅಪರಾಧದ ಕೇಸಲ್ಲ. ಬೈನಾ, ಝುವಾರಿ ನಗರದ ಕಡೆಯಿಂದ ಇಂಥ ಫೋನು ಆಗಾಗ ಬರುತ್ತದೆ. ಬಾಡಿಗೆದಾರರ ತಪಾಸಣೆಯ ಫಾರ್ಮಿಗೆ ಠಾಣೆಗೆ ಹೋಗಿ ಬಂದದ್ದನ್ನೇ ಕೇಸು ಎಂದು ತಿಳಿದವರೂ ಇದ್ದಾರೆ. ಠಾಣೆಯಲ್ಲಿ ಎಫ್‌ಐಆರ್ ಆಗಿದೆಯಾ ಎಂದು ಕೇಳಿ. ಬಾಯಿಮಾತಿನಲ್ಲಿ ಹೇಳದಿದ್ದರೆ ಬರೆದು ಕೇಳಿ. ಇಲ್ಲ ಎಂದಾದರೆ ಕಾಂಟ್ರಾಕ್ಟರಿಗೆ ಆ ಉತ್ತರವನ್ನೇ ತೋರಿಸಿ. ಬಾಕಿ ಕೂಲಿ ಹಿಡಿದಿಟ್ಟುಕೊಳ್ಳಲು ಕೇಸು ಇದ್ದರೂ ಅವನಿಗೆ ಅಧಿಕಾರವಿಲ್ಲ. ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ನನ್ನ ಅನುಮಾನ ಹೇಳುತ್ತೇನೆ: ಅರ್ಧಕ್ಕರ್ಧ ಇಂಥ ಕತೆಗಳಲ್ಲಿ ಕೇಸು ನೆಪ, ಬಾಕಿ ಕೂಲಿ ಕಾರಣ.

ನಾನು ಡ್ರೈವರ್. ಕುಡಿದು ಓಡಿಸಿದ್ದಕ್ಕೆ ಹಿಡಿದರು.

2019ರ ತಿದ್ದುಪಡಿಯಾದ ಮೇಲೆ ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಎರಡೂ ಆಗಬಹುದು. ಲೈಸೆನ್ಸಿಗೂ ಕುತ್ತು. ಮಾಲೀಕರಿಗೆ ಅದೇ ದಿನ ಹೇಳಿಬಿಡಿ. ಲೈಸೆನ್ಸು ಅಮಾನತಾಗಿರುವಾಗ ಅವರ ಗಾಡಿ ಓಡಿಸಿ ಏನಾದರೂ ಆದರೆ ವಿಮೆಯವರು ತಕರಾರು ತೆಗೆಯುತ್ತಾರೆ, ಹೊರೆ ಅವರ ತಲೆಗೂ ಬರುತ್ತದೆ. ಅಷ್ಟು ದಿನ ಗ್ಯಾರೇಜಿನಲ್ಲೋ ಲೋಡಿಂಗಿನಲ್ಲೋ ಇರಿಸಿಕೊಳ್ಳಿ ಎಂದು ಕೇಳಿಕೊಂಡು ಕೆಲಸ ಉಳಿಸಿಕೊಂಡವರಿದ್ದಾರೆ.

ಜೈಲಿನಲ್ಲಿ ಕಳೆದ ಮೂರು ವರ್ಷವನ್ನು ಏನೆಂದು ಹೇಳಲಿ?

'ಊರಲ್ಲಿ ತೋಟ ನೋಡಿಕೊಳ್ತಿದ್ದೆ' ಎಂದು ಹೇಳಬೇಡಿ. ಯಾವ ತೋಟ, ಏನು ಬೆಳೆ ಎಂದು ಊರಿನವರೇ ಆದ ಧಣಿ ಕೇಳಿದರೆ ಎರಡನೇ ಮಾತಿಗೇ ಸಿಕ್ಕಿಬೀಳುತ್ತೀರಿ.

ಒಳಗಿದ್ದಾಗ ಮಾಡಿದ ಕೆಲಸದ ಕಾಗದ ತರಿಸಿಕೊಳ್ಳಿ. ಯೆರವಡಾದಂಥ ಜೈಲುಗಳಲ್ಲಿ ಬಡಗಿ ಕೆಲಸ, ನೇಯ್ಗೆ, ಹೊಲಿಗೆ, ಬೇಕರಿ ಎಲ್ಲ ನಡೆಯುತ್ತವೆ, ಕೂಲಿಯೂ ಸಿಗುತ್ತದೆ. ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಿದ್ದರೆ ಆ ಅಂಕಪಟ್ಟಿಯ ಮೇಲೆ ಜೈಲಿನ ನೆರಳೂ ಇರುವುದಿಲ್ಲ. ಜೈಲಿನಿಂದ ಬಂದವರ ಜತೆ ಕೆಲಸ ಮಾಡುವವರೂ ಇದ್ದಾರೆ: ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ 'ಪ್ರಯಾಸ್' ಯೋಜನೆ 1990ರಿಂದ ಮುಂಬಯಿಯಲ್ಲಿ ಇದನ್ನೇ ಮಾಡುತ್ತಿದೆ. ಜಿಲ್ಲಾ ಪರಿವೀಕ್ಷಣಾ ಅಧಿಕಾರಿ ಎಂಬವರು ಮಹಿಳಾ ಮತ್ತು ಬಾಲ ವಿಕಾಸ ಇಲಾಖೆಯಲ್ಲಿ ಇರುತ್ತಾರೆ. ಬಿಡುಗಡೆಯಾದವರ ಪುನರ್ವಸತಿಯ ಅರ್ಜಿ ಅವರ ಮೂಲಕ.

ಇನ್ನೊಂದು ಮರೆತುಹೋಗುವ ಸಂಗತಿ. ಬಂಧನದ ದಿನ ಕಿತ್ತುಕೊಂಡ ಮೊಬೈಲು, ಲೈಸೆನ್ಸು, ಆಧಾರ್ 'ಮುದ್ದೇಮಾಲ್' ಆಗಿ ಠಾಣೆಯಲ್ಲೇ ಬಿದ್ದಿರಬಹುದು. ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಿ. ಈ ಕಾಲದಲ್ಲಿ ಫೋನು, ಆಧಾರ್ ಇಲ್ಲದವನಿಗೆ ಜೈಲಿಗೆ ಹೋಗದಿದ್ದರೂ ಕೆಲಸವಿಲ್ಲ.

ಕೆಲಸದಲ್ಲಿದ್ದಾಗಲೇ ಬಂಧನವಾಯಿತು. ಕೆಲಸ ಹೋದಂತೆಯಾ?

ಸರ್ಕಾರಿ ನೌಕರರಾದರೆ 48 ತಾಸು ದಾಟಿ ಕಸ್ಟಡಿಯಲ್ಲಿದ್ದ ಮೇಲೆ ಅಮಾನತು ತಾನಾಗಿಯೇ ಆದಂತೆ. ಶಿಕ್ಷೆಯಾದರೆ ಸಂವಿಧಾನದ 311ನೇ ವಿಧಿಯ ಪ್ರಕಾರ ವಿಚಾರಣೆಯಿಲ್ಲದೆ ವಜಾ ಮಾಡಬಹುದು. ಬರೀ ಕೇಸು ನಡೆಯುತ್ತಿರುವಾಗ ಹಾಗಿಲ್ಲ.

ಕಾರ್ಖಾನೆ, ಕಂಪನಿಯ ಕಾರ್ಮಿಕರಿಗೆ ಸ್ಥಾಯಿ ಆದೇಶಗಳು, ಅಂದರೆ ಲಿಖಿತ ಸೇವಾ ನಿಯಮಗಳು, ಅನ್ವಯವಾಗುವ ಕಡೆ, ವಿಚಾರಣೆಗಾಗಿ ಅಮಾನತು ಮಾಡಿದರೆ ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ತಡ ನಿಮ್ಮಿಂದಲ್ಲದಿದ್ದರೆ ಮುಕ್ಕಾಲು ಸಂಬಳ ಜೀವನಾಧಾರ ಭತ್ಯೆಯಾಗಿ ಬರಬೇಕು. ನಮ್ಮ ಕೋಲಾರದ ಚಿನ್ನದ ಗಣಿಯ ಭದ್ರತಾ ಅಧಿಕಾರಿಯೊಬ್ಬರ ಕೇಸನ್ನು ಇಲ್ಲಿ ಹೇಳಲೇಬೇಕು. ಮನೆಯಲ್ಲಿ ಚಿನ್ನ ಸಿಕ್ಕಿತೆಂದು ಕೇಸು, ಅಮಾನತು. ಭತ್ಯೆಯನ್ನೂ ಕೊಡದೆ, ಅವರಿಲ್ಲದೆಯೇ ವಿಚಾರಣೆ ಮುಗಿಸಿ ವಜಾ ಮಾಡಿದರು. ಕ್ರಿಮಿನಲ್ ಕೋರ್ಟು ಖುಲಾಸೆ ಮಾಡಿತು. 1999ರಲ್ಲಿ ಸುಪ್ರೀಂ ಕೋರ್ಟು, ಅದೇ ಸಾಕ್ಷ್ಯದ ಮೇಲೆ ಕೋರ್ಟು ಬಿಟ್ಟವರನ್ನು ಇಲಾಖೆ ವಜಾ ಮಾಡುವುದು ನ್ಯಾಯವಲ್ಲ ಎಂದು ಅವರ ಪರವಾಗಿ ತೀರ್ಪು ಕೊಟ್ಟಿತು. ಎಲ್ಲ ಖುಲಾಸೆಗೂ ಕೆಲಸ ವಾಪಸ್ ಬರುತ್ತದೆಂದು ಇದರರ್ಥವಲ್ಲ. ಸಾಕ್ಷಿ ತಿರುಗಿಬಿದ್ದು ಆದ ಖುಲಾಸೆಯ ಬೆಲೆ ಕಡಿಮೆ.

ಕೂಡಲೇ ಮಾಡಬೇಕಾದ್ದು ಇಷ್ಟು: ಮನೆಯವರಿಂದ ಕಂಪನಿಗೆ ಲಿಖಿತವಾಗಿ ತಿಳಿಸಿ. ಹೇಳದೆ ಗೈರುಹಾಜರಾದ ಎಂಬ ಕಾರಣವೇ ಸಾಕು ಅವರಿಗೆ ತೆಗೆಯಲು. ಖಾಲಿ ಕಾಗದಕ್ಕೆ, ರಾಜೀನಾಮೆಗೆ ಒತ್ತಾಯದಿಂದ ಸಹಿ ಹಾಕಬೇಡಿ. ಪಿಎಫ್ ನಿಮ್ಮ ಹಣ, ಕೇಸಿನ ಹೆಸರಲ್ಲಿ ಅದನ್ನು ತಡೆಹಿಡಿಯಲಾಗದು. ಮುಂಬಯಿಯಲ್ಲಾದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಕಾಮಗಾರ್ ಭವನಕ್ಕೆ ಹೋಗಿ ದೂರು ಕೊಡಬಹುದು.

ತಿಂಗಳಿಗೊಂದು ತಾರೀಕು. ರಜೆ ಕೇಳಿ ಕೇಳಿ ಸಾಕಾಗಿದೆ.

ಪ್ರತಿ ತಾರೀಕಿಗೂ ನೀವೇ ಹೋಗಬೇಕೆಂದಿಲ್ಲ. ಹಾಜರಿ ಮಾಫಿಯ ಅರ್ಜಿ ಕೊಟ್ಟು ವಕೀಲರ ಮೂಲಕ ನಡೆಸಬಹುದು. ಸಣ್ಣ ಕೇಸಾದರೆ ಕಾಯಂ ವಿನಾಯಿತಿಯನ್ನೂ ಕೇಳಬಹುದು. ಭಾನುವಾರ ಠಾಣೆಗೆ ಸಹಿ ಹಾಕಬೇಕೆಂಬ ಜಾಮೀನಿನ ಷರತ್ತು ಹೋಟೆಲಿನವರಿಗೆ ದೊಡ್ಡ ತಲೆನೋವು, ಗಿರಾಕಿ ತುಂಬುವ ದಿನ ಅದೇ. ಸೋಮವಾರ ಬೆಳಗ್ಗೆ ಮಾಡಿಕೊಡಿ ಎಂದು ಕೋರ್ಟನ್ನೇ ಕೇಳಿಕೊಂಡರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕೇಳದೆ ತಪ್ಪಿಸಿದರೆ ಮಾತ್ರ ವಾರಂಟು. ಪೊಲೀಸರು ಆ ವಾರಂಟು ಹಿಡಿದು ಹೋಟೆಲಿಗೇ ಬಂದರೆ ಧಣಿಗಳ ತಾಳ್ಮೆ ಅಲ್ಲಿಗೆ ಮುಗಿಯಿತು.

ಪುಣೆಯ ಐಟಿ ಕಂಪನಿಯಲ್ಲಿದ್ದೇನೆ. ಕೇಸು ಇದೆ, ಆನ್‌ಸೈಟ್ (ವಿದೇಶದ ಕೆಲಸ) ಬಂದಿದೆ. ಪಾಸ್‌ಪೋರ್ಟ್?

ಕೋರ್ಟಿನಲ್ಲಿ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಆದರೆ 25 ಆಗಸ್ಟ್ 1993ರ ಅಧಿಸೂಚನೆಯಂತೆ ಆ ಕೋರ್ಟಿನಿಂದಲೇ ವಿದೇಶಕ್ಕೆ ಹೋಗಲು ಅನುಮತಿ ತಂದರೆ ಸಿಗುತ್ತದೆ. ಕೋರ್ಟು ಅವಧಿ ಹೇಳದಿದ್ದರೆ ಒಂದು ವರ್ಷಕ್ಕೆ. ಶಿಕ್ಷೆಯಾದವರಿಗೆ ಅಡ್ಡಿಯಾಗುವುದು ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆ ಬಿದ್ದು, ಐದು ವರ್ಷ ಕಳೆಯದಿದ್ದರೆ. ವೀಸಾ ಫಾರ್ಮು ಬೇರೆ ಲೋಕ, ಅಲ್ಲಿ ಬಂಧನವನ್ನೂ ಕೇಳುತ್ತಾರೆ. ಎಚ್‌ಆರ್‌ಗೆ ಹೇಳುವ ಮೊದಲು ಕಂಪನಿಯ ನಿಯಮ ಪುಸ್ತಕ ಓದಿ. ಕೇಸು ದಾಖಲಾದರೆ ಇಷ್ಟು ದಿನದಲ್ಲಿ ತಿಳಿಸಬೇಕು ಎಂಬ ಸಾಲು ಕೆಲವು ಕಡೆ ಇರುತ್ತದೆ.

ಮನೆಗೆಲಸ ಮಾಡ್ತೀನಿ ಅಣ್ಣ. ಬಳೆ ಕಳೆದಿದೆ ಅಂತ ಠಾಣೆಗೆ ಕರೆಸಿದ್ರು. ಬಳೆ ಆಮೇಲೆ ಅವರ ಮನೆಯಲ್ಲೇ ಸಿಕ್ತು. ಆದ್ರೂ ಸೊಸೈಟಿಯ ಗೇಟಲ್ಲಿ ಬಿಡ್ತಿಲ್ಲ.

ನಿಮ್ಮ ಮೇಲೆ ಕೇಸೇ ಆಗಿಲ್ಲ ತಂಗಿ. ವಿಚಾರಣೆಗೆ ಕರೆಸಿದ್ದು ಮಾತ್ರ. ಆ ಮನೆಯವರಿಂದ 'ವಸ್ತು ಮನೆಯಲ್ಲೇ ಸಿಕ್ಕಿತು' ಎಂದು ಎರಡು ಸಾಲು, ವಾಟ್ಸ್ಆ್ಯಪ್‌ನಲ್ಲಾದರೂ ಸರಿ, ಬರೆಸಿಕೊಳ್ಳಿ. ಅದನ್ನು ಸೊಸೈಟಿಯ ಸೆಕ್ರೆಟರಿಗೆ ಕೊಟ್ಟು ಗೇಟಿನ ಆ್ಯಪಿನಲ್ಲಿ ನಿಮ್ಮ ಹೆಸರಿನ ಮುಂದೆ ಹಾಕಿರುವ ತಡೆ ತೆಗೆಯಲು ಹೇಳಿ. ಒಬ್ಬರೇ ಹೋಗಬೇಡಿ. ನೀವು ಕೆಲಸ ಮಾಡುವ ಬೇರೆ ಮನೆಯ ಅಮ್ಮನವರೊಬ್ಬರನ್ನು ಜತೆಗೆ ಕರೆದುಕೊಂಡು ಹೋಗಿ, ಮಾತಿನ ತೂಕವೇ ಬೇರೆಯಾಗುತ್ತದೆ. ಹೀಗಾಗಬಾರದು, ಆದರೆ ಹೀಗೇ ಆಗುತ್ತದೆ.

ಯಾರ ಹಂಗೂ ಬೇಡ, ಸ್ವಂತ ಗಾಡಿ ಇಡ್ತೇನೆ.

ಇಡಿ. ಚಹಾ, ಇಡ್ಲಿ ಗಾಡಿಯ ಆಹಾರ ಸುರಕ್ಷತೆಯ ನೋಂದಣಿಗೆ ಪೊಲೀಸ್ ಸರ್ಟಿಫಿಕೇಟ್ ಬೇಕಿಲ್ಲ. ಮಹಾರಾಷ್ಟ್ರದಲ್ಲಿ ಕೆಲವೇ ಕೆಲಸಗಾರರಿರುವ ಸಣ್ಣ ಅಂಗಡಿಗೆ 2017ರ ಕಾಯ್ದೆಯಂತೆ ಅಂಗಡಿ ಇಟ್ಟಿದ್ದೇನೆ ಎಂದು ತಿಳಿಸುವ ಪತ್ರ ಸಾಕು. ಕಂಪನಿ ಕಟ್ಟಿ ಡೈರೆಕ್ಟರ್ ಆಗುವುದಾದರೆ ಮಾತ್ರ ನೆನಪಿಡಿ, ಆರು ತಿಂಗಳು ಅಥವಾ ಹೆಚ್ಚಿನ ಶಿಕ್ಷೆಯಾಗಿದ್ದರೆ ಅದು ಮುಗಿದ ಮೇಲೂ ಐದು ವರ್ಷ ಆಗುವಂತಿಲ್ಲ. ಬಂಡವಾಳವೇ ಕಷ್ಟ. 2022ರಲ್ಲಿ ಮಹಾರಾಷ್ಟ್ರ ರಾಜ್ಯ ಸಹಕಾರಿ ಬ್ಯಾಂಕು ಯೆರವಡಾದ ಕೈದಿಗಳಿಗೆ 50,000 ರೂಪಾಯಿವರೆಗಿನ 'ಜಿವ್ಹಾಳಾ' ಸಾಲ ಶುರು ಮಾಡಿತು. ಆದರೆ ಅದು ಒಳಗಿರುವಾಗಿನ ಕೂಲಿಯ ಆಧಾರದ ಮೇಲೆ, ಹೊರಗೆ ಬಂದ ಮೇಲಲ್ಲ. ಒಳಗಿರುವ ಅಣ್ಣನಿಗೋ ತಮ್ಮನಿಗೋ ಭೇಟಿಯಲ್ಲಿ ಈ ವಿಷಯ ಹೇಳಿ.

ವಕೀಲರ ಫೀಸಿಗೆ ಹಣವಿಲ್ಲ.

15100ಕ್ಕೆ ಫೋನ್ ಮಾಡಿ. ಪ್ರತಿ ಜಿಲ್ಲಾ ಕೋರ್ಟಿನಲ್ಲೂ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಕಸ್ಟಡಿಯಲ್ಲಿರುವವರು, ಕೈಗಾರಿಕಾ ಕಾರ್ಮಿಕರು ಇವರಿಗೆಲ್ಲ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಉಚಿತ ಎಂದರೆ ಕಳಪೆ ಎಂಬ ಮಾತು ನಂಬಬೇಡಿ. ಫೀಸು ಕೊಟ್ಟವರ ಕೇಸನ್ನೂ ಮರೆತ ವಕೀಲರನ್ನು ನಾನು ಕಂಡಿದ್ದೇನೆ.

ನಿಮ್ಮ ಹತ್ತಿರ ಬರುವಾಗ ಏನು ತರಲಿ?

ಕೊನೆಯ ಕಾಗದ. ತೀರ್ಪಾಗಿದ್ದರೆ ತೀರ್ಪಿನ ದೃಢೀಕೃತ ಪ್ರತಿ, ಕೋರ್ಟಿನಲ್ಲಿ ಅದಕ್ಕೆ 'ನಕ್ಕಲ್' ಎನ್ನುತ್ತಾರೆ, ಅರ್ಜಿ ಹಾಕಿದರೆ ಕೆಲವು ದಿನದಲ್ಲಿ ಸಿಗುತ್ತದೆ. ಕೇಸು ನಡೆಯುತ್ತಿದ್ದರೆ ಎಫ್‌ಐಆರ್ ಮತ್ತು ಮುಂದಿನ ತಾರೀಕು. ಏನೂ ಇಲ್ಲದಿದ್ದರೆ ಯಾವ ಠಾಣೆ, ಯಾವ ವರ್ಷ ಎಂದಾದರೂ ನೆನಪು ಮಾಡಿಕೊಂಡು ಬನ್ನಿ. ಮೂಲ ಪ್ರತಿ ನನಗೂ ಕೊಡಬೇಡಿ, ಯಾವ ಏಜೆಂಟನಿಗೂ ಕೊಡಬೇಡಿ. ಝೆರಾಕ್ಸ್ ಶನಿವಾರವೇ ಮಾಡಿಸಿಟ್ಟುಕೊಳ್ಳಿ, ನಮ್ಮ ಗಲ್ಲಿಯ ಝೆರಾಕ್ಸ್ ಅಂಗಡಿ ಭಾನುವಾರ ಬಾಗಿಲು ತೆರೆಯುವುದಿಲ್ಲ.